ಹಾಂಗ್‌ಕಾಂಗ್‌ನ ಜಾರ್ಜ್ ಒಂದೇ ಸಾಲಿಗೆ ಮುಗಿದರೇ?

ಸಂಪಾದಕರಿಗೆ,

ಮಾನ್ಯರೇ,

ಹಿರಿಯ ಪತ್ರಕರ್ತ ಟಿ.ಜೆ.ಎಸ್. ಜಾರ್ಜ್ 2025ರ ಅಕ್ಟೋಬರ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 97. ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ಬಂದ ಶ್ರದ್ಧಾಂಜಲಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎಲ್ಲದರಲ್ಲೂ ಮೂರು ವಿಷಯ ಇವೆ. ಪಟ್ನಾದಲ್ಲಿ ರಾಜದ್ರೋಹದ ಕೇಸು ಹಾಕಿಸಿಕೊಂಡು ಜೈಲಿಗೆ ಹೋದ ಸಂಪಾದಕ. 25 ವರ್ಷ ಬಿಡದೆ ವಾರಕ್ಕೊಂದು ಅಂಕಣ ಬರೆದವರು. ಕವಿ ಜೀತ್ ತಯ್ಯಿಲ್ ಅವರ ತಂದೆ. ಮೂರೂ ನಿಜ. ಆದರೆ ಈ ಮೂರರ ನಡುವೆ "ಹಾಂಗ್‌ಕಾಂಗ್‌ನಲ್ಲಿಯೂ ಕೆಲಸ ಮಾಡಿದ್ದರು" ಅಂತ ಒಂದೇ ಒಂದು ಸಾಲು. ನನ್ನ ತಕರಾರು ಆ ಸಾಲಿನ ಬಗ್ಗೆ.

ನಾನು ಪತ್ರಕರ್ತನಲ್ಲ. ಸರಕು ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿದ್ದೆ. 1999ರಲ್ಲಿ ಹಡಗುಗಳು ಅಪಾಯದ ಕರೆ ಕಳಿಸಲು ಉಪಗ್ರಹವನ್ನೂ ಬಳಸುವ ಜಿಎಂಡಿಎಸ್‌ಎಸ್ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು, ಮೋರ್ಸ್ ಕುಟ್ಟುವ ನಮ್ಮ ಹುದ್ದೆಯೇ ಇಲ್ಲವಾಯಿತು, ನಾನು ಊರಿಗೆ ಬಂದೆ. ಹಡಗಿನಲ್ಲಿ ನನಗೆ ಒಂದು ಹೆಚ್ಚುವರಿ ಕೆಲಸ ಇತ್ತು. ರಾತ್ರಿ ಶಾರ್ಟ್‌ವೇವ್‌ನಲ್ಲಿ ಸಿಕ್ಕಿದ ಸುದ್ದಿಯನ್ನು ಬರೆದುಕೊಂಡು, ಒಂದು ಹಾಳೆಯಲ್ಲಿ ಟೈಪ್ ಮಾಡಿ, ಬೆಳಗ್ಗೆ ಊಟದ ಕೋಣೆಯ ಬೋರ್ಡಿಗೆ ಅಂಟಿಸುವುದು. ಜಾಸ್ತಿ ಸಿಗುತ್ತಿದ್ದದ್ದು ಬಿಬಿಸಿ, ಆಮೇಲೆ ರೇಡಿಯೋ ಆಸ್ಟ್ರೇಲಿಯಾ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿದ್ದಾಗ ನಮ್ಮ ಹಡಗು ಶ್ರೀಲಂಕಾದ ದಕ್ಷಿಣಕ್ಕೆ ಸಾಗುತ್ತಿತ್ತು. ರಾತ್ರಿ ತೀರದ ದೀಪಗಳು ಕಾಣುವಷ್ಟು ಹತ್ತಿರ. ಅಲ್ಲಿ ಏನಾಗಿದೆ ಅಂತ ನನಗೆ ಗೊತ್ತಾದದ್ದು ಲಂಡನ್ನಿನಿಂದ. ಆವತ್ತು ಅದು ವಿಚಿತ್ರ ಅಂತಲೂ ಅನ್ನಿಸಲಿಲ್ಲ. ಸುದ್ದಿ ಬರುವುದೇ ಹಾಗೆ ಅಂದುಕೊಂಡಿದ್ದೆವು.

ಜಾರ್ಜ್ ಮಾಡಿದ ಕೆಲಸ ನನಗೆ ಅರ್ಥವಾಗುವುದು ಈ ಕಡೆಯಿಂದ.

ಅವರ ದಾರಿ ನೇರವಾಗಿರಲಿಲ್ಲ. ಹುಟ್ಟಿದ್ದು ಕೇರಳದ ತುಂಪಮಣ್‌ನಲ್ಲಿ, 1928ರಲ್ಲಿ. ಓದಿದ್ದು ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. 1950ರಲ್ಲಿ ಬೊಂಬಾಯಿಯ ಫ್ರೀ ಪ್ರೆಸ್ ಜರ್ನಲ್ ಸೇರಿದರು. ಬಾಳ್ ಠಾಕ್ರೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಪತ್ರಿಕೆ ಅದು. ಅಲ್ಲಿಂದ ಮುಂದೆ ಪಟ್ನಾದ ಸರ್ಚ್‌ಲೈಟ್ ಪತ್ರಿಕೆಗೆ ಸಂಪಾದಕ. 1965ರಲ್ಲಿ ಬಿಹಾರದ ಮುಖ್ಯಮಂತ್ರಿ ಕೆ.ಬಿ. ಸಹಾಯ್ ಸರ್ಕಾರ ಅವರನ್ನು ಜೈಲಿಗೆ ಹಾಕಿತು. ಅವರ ಪರ ವಾದಿಸಲು ಪಟ್ನಾಕ್ಕೆ ಬಂದವರು ಮಾಜಿ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. ಹಿಂದಿನ ವರ್ಷ ತಾನೇ ಜಾರ್ಜ್ ಆ ಮೆನನ್ ಅವರ ಜೀವನಚರಿತ್ರೆ ಬರೆದು ಮುಗಿಸಿದ್ದರು. ಈ ಕತೆ ಎಲ್ಲರಿಗೂ ಇಷ್ಟ, ಸಿನಿಮಾ ಥರ ಇದೆ. ಹಾಗಾಗಿ ಶ್ರದ್ಧಾಂಜಲಿಗಳು ಅಲ್ಲೇ ನಿಂತುಬಿಡುತ್ತವೆ.

ಅವರು ಅಲ್ಲಿ ನಿಲ್ಲಲಿಲ್ಲ. ಹಾಂಗ್‌ಕಾಂಗ್‌ಗೆ ಹೋಗಿ ಫಾರ್ ಈಸ್ಟರ್ನ್ ಎಕನಾಮಿಕ್ ರಿವ್ಯೂ ವಾರಪತ್ರಿಕೆ ಸೇರಿದರು. ಆ ಕಾಲದ ಹಾಂಗ್‌ಕಾಂಗ್ ಅಂದರೆ ಏಷ್ಯಾದ ಸುದ್ದಿಗೆ ದೊಡ್ಡ ಜಂಕ್ಷನ್. ಬ್ರಿಟಿಷರ ವಸಾಹತು, ಆದರೆ ಸುತ್ತಲಿನ ದೇಶಗಳಿಗೆ ಹೋಲಿಸಿದರೆ ಪತ್ರಿಕೆಗಳಿಗೆ ಉಸಿರಾಡಲು ಜಾಗ ಇತ್ತು. ಚೀನಾದೊಳಗೆ ಹೆಚ್ಚಿನ ವಿದೇಶಿ ವರದಿಗಾರರಿಗೆ ಪ್ರವೇಶ ಇರಲಿಲ್ಲ. ಅಮೆರಿಕದ ಪತ್ರಿಕೆಗಳು ಬೀಜಿಂಗ್‌ನಲ್ಲಿ ಕಚೇರಿ ತೆರೆದದ್ದು 1979ರಲ್ಲಿ. ಅಲ್ಲಿಯ ತನಕ ಎಲ್ಲರೂ ಹಾಂಗ್‌ಕಾಂಗ್‌ನಲ್ಲಿ ಕೂತು ಗಡಿಯಾಚೆ ನೋಡುತ್ತಿದ್ದರು. ಚೀನಾದ ರೇಡಿಯೋ ಕೇಳುವುದು, ಕೈಗೆ ಸಿಕ್ಕಿದ ಪ್ರಾಂತೀಯ ಪತ್ರಿಕೆ ಓದುವುದು, ಗಡಿ ದಾಟಿ ಬಂದವರನ್ನು ಮಾತಾಡಿಸುವುದು. ವಿಯೆಟ್ನಾಂ ಯುದ್ಧಕ್ಕೆ ಹೋಗುವವರೂ ಬರುವವರೂ ಅಲ್ಲೇ ಸಿಗುತ್ತಿದ್ದರು.

1973ರಲ್ಲಿ ಜಾರ್ಜ್ ಸಿಂಗಪುರದ ಪ್ರಧಾನಿ ಲೀ ಕುವಾನ್ ಯೂ ಅವರ ಆಡಳಿತದ ಬಗ್ಗೆ ಒಂದು ಪುಸ್ತಕ ಬರೆದರು. ಹೊಗಳುವ ಪುಸ್ತಕವಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 1971ರಲ್ಲಿ, ಸಿಂಗಪುರದಲ್ಲಿ ಎರಡು ಇಂಗ್ಲಿಷ್ ಪತ್ರಿಕೆಗಳು ಬಾಗಿಲು ಹಾಕಿದ್ದವು. ಒಂದು ಚೀನೀ ಪತ್ರಿಕೆಯ ಮುಖ್ಯಸ್ಥರು ಬಂಧನದಲ್ಲಿದ್ದರು. ಊರು ಚೊಕ್ಕ ಇದೆ, ಬಂದರು ನಡೆಯುತ್ತಿದೆ, ಸರಿ, ಆದರೆ ಇದರ ಬೆಲೆ ಏನು ಅಂತ ಕೇಳಿದವರು ಜಾರ್ಜ್. ನಾನು ಸಿಂಗಪುರದ ಬಂದರನ್ನು ಚೆನ್ನಾಗಿ ಕಂಡವನು. ಅಲ್ಲಿನ ಶಿಸ್ತು ನೋಡಿ ಬೆರಗಾದವನು. ಹಾಗಾಗಿ ಆ ಪುಸ್ತಕ ಓದುವಾಗ ಇವರು ಸ್ವಲ್ಪ ಬಿಗಿ ಹಿಡಿದು ಬರೆದಿದ್ದಾರೆ ಅನ್ನಿಸಿತ್ತು. ಸಿಂಗಪುರ ಮುಂದೆ ಎಷ್ಟು ಬೆಳೆಯಿತು ಅಂತ ಎಲ್ಲರಿಗೂ ಗೊತ್ತು. ಹಣದ ಲೆಕ್ಕದಲ್ಲಿ ಲೀ ಗೆದ್ದರು. ಪತ್ರಿಕೆಗಳ ಲೆಕ್ಕದಲ್ಲಿ ಜಾರ್ಜ್ ಹೇಳಿದ್ದು ಸುಳ್ಳಾಗಲಿಲ್ಲ.

1975ರಲ್ಲಿ ಅವರು ಮೈಕೆಲ್ ಓನೀಲ್ ಜೊತೆ ಸೇರಿ ಏಷ್ಯಾವೀಕ್ ಶುರು ಮಾಡಿದರು. ಆ ವರ್ಷ ಏನೇನಾಯಿತು ನೋಡಿ. ಏಪ್ರಿಲ್‌ನಲ್ಲಿ ಕಮ್ಯುನಿಸ್ಟರ ಕೈಗೆ ಕಾಂಬೋಡಿಯಾದ ನಾಮ್ ಪೆನ್ ಬಿತ್ತು, ದಕ್ಷಿಣ ವಿಯೆಟ್ನಾಂನ ಸೈಗಾನ್ ಬಿತ್ತು. ಆಗಸ್ಟ್‌ನಲ್ಲಿ ಢಾಕಾದಲ್ಲಿ ಮುಜೀಬ್ ಕೊಲೆಯಾದರು. ನಡುವೆ ಜೂನ್‌ನಲ್ಲಿ ನಮ್ಮಲ್ಲೇ ತುರ್ತು ಪರಿಸ್ಥಿತಿ. ಇಲ್ಲಿ ಪತ್ರಿಕೆಗಳ ಪುಟ ಸೆನ್ಸಾರ್ ಅಧಿಕಾರಿಯ ಮೇಜಿನ ಮೇಲೆ ಹೋಗುತ್ತಿದ್ದ ಹೊತ್ತಿನಲ್ಲಿ, ಒಂದು ಸಲ ಜೈಲು ನೋಡಿ ಬಂದ ಭಾರತೀಯ ಸಂಪಾದಕರೊಬ್ಬರು ಹೊರಗೆ ಹೋಗಿ ಇಡೀ ಏಷ್ಯಾಕ್ಕೆ ಒಂದು ವಾರಪತ್ರಿಕೆ ಕಟ್ಟಿದರು. ಇದು ಒಂದು ಸಾಲಿನ ವಿಷಯವೇ?

ಏಷ್ಯಾವೀಕ್ ಹೇಳಿಕೊಂಡ ಗುರಿ ಸರಳವಾಗಿತ್ತು. ಏಷ್ಯಾದ ವಿಷಯಗಳನ್ನು ನ್ಯಾಯವಾಗಿ ವರದಿ ಮಾಡುವುದು, ಲೋಕವನ್ನು ಏಷ್ಯಾದ ಕಣ್ಣಿನಿಂದ ನೋಡುವುದು. ಇದನ್ನು ಯಾರು ಬೇಕಾದರೂ ಮುಖಪುಟದ ಹಿಂದೆ ಅಚ್ಚು ಹಾಕಬಹುದು. ಒಳಗೆ ಏನಿತ್ತು ಅನ್ನುವುದು ಮುಖ್ಯ.

ನಾನು ಅದನ್ನು ಕೊಳ್ಳುತ್ತಿದ್ದದ್ದು ಕೌಲೂನ್ ಕಡೆಯ ಸ್ಟಾರ್ ಫೆರಿ ಕಟ್ಟೆಯ ಪಕ್ಕದ ಪೇಪರ್ ಅಂಗಡಿಯಲ್ಲಿ. ಅಂಗಡಿ ಅಂದರೆ ಅಂಗಡಿಯಲ್ಲ. ಎತ್ತರದ ಪೆಟ್ಟಿಗೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಸಾಲು ಸಾಲಾಗಿ ಪತ್ರಿಕೆ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಬ್ಬಿಣದ ತುಂಡು. ಮಾರುತ್ತಿದ್ದ ಅಜ್ಜಿ ದುಡ್ಡು ಎಣಿಸುವಾಗ ಮುಖ ಎತ್ತುತ್ತಿರಲಿಲ್ಲ. ಟೈಮ್, ನ್ಯೂಸ್‌ವೀಕ್ ಪಕ್ಕದಲ್ಲೇ ಏಷ್ಯಾವೀಕ್. ಟೈಮ್‌ನಲ್ಲಿ ಏಷ್ಯಾ ಬರುವುದು ಏನಾದರೂ ಉರಿದಾಗ. ಏಷ್ಯಾವೀಕ್‌ನಲ್ಲಿ ಏನೂ ಉರಿಯದ ವಾರವೂ ಮಲೇಷ್ಯಾದ ರಬ್ಬರ್ ದರ, ಢಾಕಾದ ಗದ್ದಲ, ಇಂಡೋನೇಷ್ಯಾದ ಚುನಾವಣೆ, ತೈವಾನ್‌ನ ಕಾರ್ಖಾನೆ ಇರುತ್ತಿತ್ತು. ಮುಂದಿನ ವರ್ಷಗಳ ಸಂಚಿಕೆಗಳಲ್ಲಿ ಏಷ್ಯಾದ ದೇಶಗಳನ್ನೆಲ್ಲ ಒಂದರ ಕೆಳಗೊಂದು ಇಟ್ಟ ಒಂದು ಪಟ್ಟಿಯೂ ಬರುತ್ತಿತ್ತು. ತಲಾ ಆದಾಯ ಎಷ್ಟು, ಆಯಸ್ಸು ಎಷ್ಟು, ಅಕ್ಷರ ಬಲ್ಲವರು ಎಷ್ಟು. ನಮ್ಮ ದೇಶ ಎಲ್ಲಿದೆ ಅಂತ ಬೆರಳು ಇಟ್ಟು ಕೆಳಗೆ ಇಳಿಸಿಕೊಂಡು ಹೋಗಬೇಕು. ಸ್ವಲ್ಪ ಹೊತ್ತು ಬೇಕಾಗುತ್ತಿತ್ತು! ದೆಹಲಿಯ ಭಾಷಣ ಕೇಳಿ ಬೆಳೆದ ನನಗೆ ಆ ಪಟ್ಟಿ ಒಳ್ಳೆಯ ಔಷಧಿ.

ಒಂದು ವಿಷಯ ಹೇಳಲೇಬೇಕು. ನಮ್ಮ ಹಡಗಿನಲ್ಲಿ ಫಿಲಿಪೀನ್ಸ್‌ನ ಎಂಜಿನ್ ಕೋಣೆಯ ಕೆಲಸಗಾರನೊಬ್ಬ ಇದ್ದ. ಊರು ಹೋಲೊ. ಮುಸ್ಲಿಮ. ಉಳಿದ ಫಿಲಿಪಿನೋ ಹುಡುಗರು ಹಾಡು, ಗಿಟಾರ್ ಅಂತ ಇದ್ದರೆ ಇವನು ಒಬ್ಬನೇ ಇರುತ್ತಿದ್ದ. ಊರಿನ ಬಗ್ಗೆ ಕೇಳಿದರೆ ಮಾತು ತಿರುಗಿಸುತ್ತಿದ್ದ. ಫಿಲಿಪೀನ್ಸ್‌ನ ದಕ್ಷಿಣದ ಮಿಂಡನಾವೊ ಬಗ್ಗೆ ಲೇಖನ ಇದ್ದ ಏಷ್ಯಾವೀಕ್‌ನ ಒಂದು ಸಂಚಿಕೆಯನ್ನು ನಾನು ಅವನಿಗೆ ಕೊಟ್ಟೆ. ರೇಡಿಯೋ ಕೋಣೆಯ ಹೊರಗೆ ಬಣ್ಣದ ಡಬ್ಬಿ ಬೋರಲು ಹಾಕಿ, ಅದರ ಮೇಲೆ ಕೂತು, ತುಟಿ ಆಡಿಸುತ್ತಾ ಓದಿದ. ಎರಡು ಸಲ ಓದಿದ. ಆಮೇಲೆ ಬಾಯಿ ಬಿಟ್ಟ. 1974ರ ಫೆಬ್ರುವರಿಯಲ್ಲಿ ಸೈನ್ಯಕ್ಕೂ ದಕ್ಷಿಣದ ಮುಸ್ಲಿಮರಾದ ಮೊರೊ ಬಂಡುಕೋರರಿಗೂ ನಡೆದ ಕಾಳಗದಲ್ಲಿ ಹೋಲೊ ಪಟ್ಟಣವೇ ಸುಟ್ಟುಹೋಗಿತ್ತು. ಅವನ ಮನೆಯೂ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ಹೇಳಿದರೆ ಅದು ಎಲ್ಲಿದೆ ಅಂತ ಕೇಳ್ತೀರಿ" ಅಂದ.

ಜಾರ್ಜ್ 1980ರಲ್ಲಿ ಮಿಂಡನಾವೊ ಬಂಡಾಯದ ಬಗ್ಗೆಯೇ ಒಂದು ಪೂರ್ತಿ ಪುಸ್ತಕ ಬರೆದರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು. ಫಿಲಿಪೀನ್ಸ್ ಕ್ರೈಸ್ತರ ದೇಶ ಅಂತ ಮಾತ್ರ ಗೊತ್ತಿದ್ದ ಕಾಲ. 1968ರಲ್ಲಿ ಕೊರೆಗಿಡೊರ್ ದ್ವೀಪದಲ್ಲಿ ಗುಟ್ಟಾಗಿ ತರಬೇತಿ ಪಡೆಯುತ್ತಿದ್ದ ಮುಸ್ಲಿಂ ಯುವಕರನ್ನು ಗುಂಡಿಟ್ಟು ಕೊಂದದ್ದು, ಅದರಿಂದ ದಕ್ಷಿಣದಲ್ಲಿ ಕಿಚ್ಚು ಹತ್ತಿದ್ದು, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ನೂರ್ ಮಿಸುವಾರಿ ಬಂಡಾಯದ ನಾಯಕರಾದದ್ದು, ಇದೆಲ್ಲ ಆ ಹೋರಾಟದ ಹಿಂದಿನ ಕತೆ. ಆ ಜಗಳಕ್ಕೆ ಒಂದು ಮಟ್ಟಿಗೆ ತೆರೆ ಬಿದ್ದದ್ದು 2014ರ ಒಪ್ಪಂದ, 2019ರ ಬಾಂಗ್ಸಾಮೊರೊ ಸ್ವಾಯತ್ತ ಪ್ರದೇಶ ಬಂದ ಮೇಲೆ. ಅಂದರೆ ಪುಸ್ತಕ ಬಂದು 40 ವರ್ಷ ಆಗುವ ಹೊತ್ತಿಗೆ. ಪತ್ರಿಕೆಯ ಕೆಲಸ ಮಾಡುತ್ತಲೇ ದೂರದ ಒಂದು ದ್ವೀಪದ ಜಗಳದ ಹಿಂದೆ ಬಿದ್ದು ಪುಸ್ತಕ ಬರೆಯುವುದು ಸುಮ್ನೆ ಮಾತಲ್ಲ. ಆಮೇಲೆ ಅವರು ನರ್ಗಿಸ್ ಬಗ್ಗೆ, ಎಂ.ಎಸ್. ಸುಬ್ಬುಲಕ್ಷ್ಮಿ ಬಗ್ಗೆ, ನಮ್ಮ ಬೆಂಗಳೂರಿನ ಬಗ್ಗೆ ಬರೆದ ಪುಸ್ತಕಗಳೇ ಜಾಸ್ತಿ ಓದುಗರನ್ನು ಕಂಡವು. ಇರಲಿ. ನನ್ನ ಮಟ್ಟಿಗೆ ಮಿಂಡನಾವೊ ಪುಸ್ತಕದ ತೂಕವೇ ಬೇರೆ. ಅವರ ಕೊನೆಯ ಕಾಲದ ಅಂಕಣಗಳಲ್ಲಿ ಸಿಟ್ಟು ಹೆಚ್ಚು, ಓಡಾಟ ಕಡಿಮೆ ಅಂತ ನನಗೆ ಅನ್ನಿಸಿದ್ದೂ ಇದೆ.

ಏಷ್ಯಾವೀಕ್ ಮುಂದೆ ಅಮೆರಿಕದ ಟೈಮ್ ಕಂಪನಿಯ ಕೈ ಸೇರಿತು. ಜಾರ್ಜ್ ಆ ಹೊತ್ತಿಗೆ ಭಾರತಕ್ಕೆ ಬಂದಿದ್ದರು. 1987ರಲ್ಲಿ ಸಿಂಗಪುರ ಸರ್ಕಾರ ಅಲ್ಲಿ 11,000 ದಷ್ಟಿದ್ದ ಅದರ ಪ್ರಸಾರವನ್ನು 500 ಪ್ರತಿಗೆ ಇಳಿಸಿತು. ನಿಷೇಧ ಅಲ್ಲ, ಗಮನಿಸಿ. ಹಿಂದಿನ ವರ್ಷ ಮಾಡಿಕೊಂಡ ಕಾನೂನಿನಲ್ಲಿ ಪ್ರತಿಗಳನ್ನು ಎಣಿಸಿ ಕೊಡುವ ಅಧಿಕಾರ ಇತ್ತು, ಅಷ್ಟೆ. ಜಗಳ ಹತ್ತಿದ್ದು ಸರ್ಕಾರ ಬರೆದ ಪತ್ರವನ್ನು ಸಂಪಾದಕರು ತಿದ್ದಿ ಹಾಕಿದ್ದಕ್ಕೆ. ಸಂಪಾದಕರಿಗೆ ಪತ್ರ ಬರೆಯುವ ನನ್ನಂಥವರ ಬಳಿ ಆ ಅಧಿಕಾರ ಇಲ್ಲ. ನೀವು ಇದನ್ನು ಧೈರ್ಯವಾಗಿ ಕತ್ತರಿಸಬಹುದು. 2001ರ ಡಿಸೆಂಬರ್‌ನಲ್ಲಿ ಏಷ್ಯಾವೀಕ್ ನಿಂತಿತು. ಜಾಹೀರಾತು ಇಲ್ಲ ಅನ್ನುವುದು ಕಾರಣ. ಜಾರ್ಜ್ ಮೊದಲು ಸೇರಿದ್ದ ಫಾರ್ ಈಸ್ಟರ್ನ್ ಎಕನಾಮಿಕ್ ರಿವ್ಯೂ ಕೂಡ 2004ರಲ್ಲಿ ವಾರಪತ್ರಿಕೆಯಾಗಿ ನಿಂತು, 2009ರಲ್ಲಿ ಪೂರ್ತಿ ಮುಚ್ಚಿತು.

ಈಗ ನಮ್ಮ ಕಡೆ ಬರುತ್ತೇನೆ.

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಯುವಕರು ಬೀದಿಗೆ ಇಳಿದರು. ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಮುಚ್ಚಿದ್ದು ಕಿಡಿ. 8ನೇ ತಾರೀಖು ಒಂದೇ ದಿನ 19 ಜನ ಸತ್ತರು. ಮರುದಿನ ಸಂಸತ್ತಿಗೆ ಬೆಂಕಿ, ಪ್ರಧಾನಿ ಓಲಿ ರಾಜೀನಾಮೆ. ನಮ್ಮ ಊರಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನೇಪಾಳದ ಹುಡುಗರು ಕೆಲಸ ಮಾಡುತ್ತಾರೆ. ಕರ್ನಾಟಕದ ಯಾವ ಊರಿನಲ್ಲಿ ಇಲ್ಲ ಹೇಳಿ. ಆವತ್ತು ಮಧ್ಯಾಹ್ನ ಒಬ್ಬ ಹುಡುಗ ಒಂದು ಕೈಯಲ್ಲಿ ಸಾಂಬಾರಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತುಬಿಟ್ಟಿದ್ದ. ಮಾಲೀಕರೂ ಬೈಯಲಿಲ್ಲ. ನಾನು ಕೂರಿಸಿ ಕೇಳಿದೆ. ಜಾಲತಾಣ ಮುಚ್ಚಿದರೆ ಅಷ್ಟೊಂದು ಸಿಟ್ಟು ಯಾಕೆ? ಅವನು ಹೇಳಿದ್ದು: ಮನೆಯಲ್ಲಿ ಅಪ್ಪ ಅಮ್ಮನ ಮುಖ ನೋಡುವುದು ಅದರಲ್ಲೇ. ಊರಿನಲ್ಲಿ ಒಂದು ಮನೆಗೆ ಒಬ್ಬನಾದರೂ ಹೊರದೇಶದಲ್ಲಿ ಇದ್ದಾನೆ, ಕತಾರ್, ಮಲೇಷ್ಯಾ, ಇಲ್ಲ ಇಂಡಿಯಾ. ಮಂತ್ರಿಗಳ ಮಕ್ಕಳು ಮಾತ್ರ ವಿದೇಶದಲ್ಲಿ ಬ್ಯಾಗು ವಾಚು ಹಾಕಿಕೊಂಡು ಫೋಟೋ ಹಾಕುತ್ತಾರೆ.

ಮಾರನೇ ದಿನ ನಮ್ಮ ಪತ್ರಿಕೆಗಳ ವಿದೇಶ ಪುಟ ನೋಡಿದೆ. ಸುದ್ದಿಸಂಸ್ಥೆಯ ವರದಿ, ಅದರ ಅನುವಾದ. ತಪ್ಪೇನಿಲ್ಲ. ಸತ್ತವರ ಸಂಖ್ಯೆ ಸರಿ, ಹೆಸರುಗಳು ಸರಿ. ಆದರೆ ಹೋಟೆಲಿನ ಹುಡುಗ ಎರಡು ನಿಮಿಷದಲ್ಲಿ ಹೇಳಿದ್ದು ಅದರಲ್ಲಿ ಇರಲಿಲ್ಲ. 2022ರಲ್ಲಿ ಕೊಲಂಬೊದ ಜನ ಅಧ್ಯಕ್ಷರ ಮನೆಗೆ ನುಗ್ಗಿದಾಗಲೂ ಹೀಗೇ. 2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ದೇಶ ಬಿಟ್ಟಾಗಲೂ ಹೀಗೇ. ಹಡಗಿನ ಬೋರ್ಡಿಗೆ ನಾನು ಅಂಟಿಸುತ್ತಿದ್ದ ಹಾಳೆಗೂ ನಿಮ್ಮ ಪುಟಕ್ಕೂ ಏನು ವ್ಯತ್ಯಾಸ ಹೇಳಿ? ನನ್ನ ಬಳಿ ಒಂದು ಟೈಪ್‌ರೈಟರ್ ಮಾತ್ರ ಇತ್ತು.

ಹೊರಗಿನವರು ಏಷ್ಯಾದ ಬಗ್ಗೆ ಬರೆಯಬಾರದು ಅಂತ ನಾನು ಹೇಳುತ್ತಿಲ್ಲ. ಇಟಲಿಯ ಪತ್ರಕರ್ತ ತಿತ್ಸಿಯಾನೊ ತೆರ್ಜಾನಿ 1975ರಲ್ಲಿ ಸೈಗಾನ್ ಬಿದ್ದಾಗ ಉಳಿದವರ ಜೊತೆ ಓಡಿಹೋಗದೆ ಅಲ್ಲೇ ಮೂರು ತಿಂಗಳು ಉಳಿದು ನೋಡಿದರು. ಮುಂದೆ ಬೀಜಿಂಗ್‌ನಲ್ಲಿ ಇದ್ದಾಗ ಮಕ್ಕಳನ್ನು ಚೀನೀ ಶಾಲೆಗೇ ಸೇರಿಸಿದರು. 1984ರಲ್ಲಿ ಚೀನಾ ಅವರನ್ನು ಹೊರಗೆ ಹಾಕಿತು. ಅಂಥವರು ಬರೆದದ್ದು ಯಾವ ಭಾಷೆಯಲ್ಲಿದ್ದರೂ ನಮ್ಮದೇ. ಹುಟ್ಟಿದ ಊರು ಯಾವುದು ಅನ್ನುವುದಕ್ಕಿಂತ ಎಷ್ಟು ದಿನ ಅಲ್ಲೇ ಇದ್ದರು, ಯಾರ ಜೊತೆ ಕೂತು ಉಂಡರು ಅನ್ನುವುದು ದೊಡ್ಡದು. ಏಜೆನ್ಸಿ ಸುದ್ದಿಗೆ ಈ ಎರಡೂ ಇಲ್ಲ.

ಖರ್ಚಿನ ಮಾತು ಬರುತ್ತದೆ, ಗೊತ್ತು. ಕಠ್ಮಂಡುವಿನಲ್ಲಿ ಕಚೇರಿ ತೆರೆಯಿರಿ, ಸಂಬಳ ಕೊಡಿ ಅಂತ ನಾನು ಕೇಳುತ್ತಿಲ್ಲ. ಸಿಂಗಪುರದಲ್ಲಿ ಕನ್ನಡಿಗರಿದ್ದಾರೆ. ದುಬೈ, ದೋಹಾ, ಕ್ವಾಲಾಲಂಪುರ, ಟೋಕಿಯೊದಲ್ಲಿ ಇದ್ದಾರೆ. ಅವರ ಬಗ್ಗೆ ನಿಮ್ಮಲ್ಲಿ ಸುದ್ದಿ ಬರುವುದು ನವೆಂಬರ್‌ನಲ್ಲಿ ಒಂದು ಸಲ, ಕನ್ನಡ ಸಂಘದ ರಾಜ್ಯೋತ್ಸವದ ಫೋಟೋ, ಶಾಲು ಹಾರ ಸಮೇತ. ಅವರಲ್ಲೇ ಬರೆಯುವ ಕೈ ಇರುವವರನ್ನು ಹುಡುಕಿ. ತಿಂಗಳಿಗೆ ಒಂದು ಕಾಗದ ಬರೆಸಿ. ಸಂಘದ ಬಗ್ಗೆ ಅಲ್ಲ, ಆ ಊರಿನ ಬಗ್ಗೆ. ಅಲ್ಲಿ ಬಾಡಿಗೆ ಯಾಕೆ ಏರಿತು, ಬಾಂಗ್ಲಾದೇಶದ ಕಟ್ಟಡ ಕೆಲಸಗಾರ ಎಲ್ಲಿ ಮಲಗುತ್ತಾನೆ, ಸ್ಥಳೀಯರು ಯಾವ ಕಾನೂನಿಗೆ ಬೈಯುತ್ತಿದ್ದಾರೆ. ಸಂಭಾವನೆ ಕೊಡಿ, ಮತ್ತೆ ನೀವು ನಿಮ್ಮ ತಾಲ್ಲೂಕು ವರದಿಗಾರನನ್ನು ಕೇಳುವ ಹಾಗೆ ಕೇಳಿ: ಇದನ್ನು ಯಾರು ಹೇಳಿದರು, ನೀನು ಹೋಗಿ ನೋಡಿದೆಯಾ? ಅಷ್ಟು ಸಾಕು. ಹುಬ್ಬಳ್ಳಿಯ ವರದಿಗೆ ಇರುವ ಕಟ್ಟುನಿಟ್ಟು ಕಠ್ಮಂಡುವಿನ ವರದಿಗೂ ಇರಲಿ ಅನ್ನುವುದು ಅತಿ ಆಸೆಯೇನಲ್ಲ ಅಲ್ವಾ?

ಜಾರ್ಜ್ ಅವರ ಹೆಸರಿನಲ್ಲಿ ಪ್ರಶಸ್ತಿ, ಉಪನ್ಯಾಸ ಅಂತ ಯಾರಾದರೂ ಹೊರಡಬಹುದು. ಆ ದುಡ್ಡಿನಲ್ಲಿ ವರ್ಷಕ್ಕೆ ಒಬ್ಬ ಕನ್ನಡ ಪತ್ರಕರ್ತನನ್ನೋ ಪತ್ರಕರ್ತೆಯನ್ನೋ ಒಂದು ತಿಂಗಳು ಜಾಫ್ನಾಕ್ಕೋ ಚಿತ್ತಗಾಂಗ್‌ಗೋ ಕಳುಹಿಸಿದರೆ ನನಗೆ ಹೆಚ್ಚು ಖುಷಿ. ಶಾಲು ಹೊದಿಸಿಕೊಳ್ಳಲು ಅವರು ಈಗ ಬರುವುದಿಲ್ಲ.

ಕೊನೆಗೆ ಒಂದು ವಿನಂತಿ, ಇದನ್ನು ಮಾತ್ರ ಕತ್ತರಿಸಬೇಡಿ. ನನ್ನ ಹತ್ತಿರ ಏಷ್ಯಾವೀಕ್‌ನ ಹಳೇ ಸಂಚಿಕೆಗಳ ಒಂದು ಟ್ರಂಕು ಇದೆ. ಕರಾವಳಿಯ ತೇವಕ್ಕೆ ಕೆಲವು ಅಂಟಿಕೊಂಡಿವೆ, ಹೆಚ್ಚಿನವು ಚೆನ್ನಾಗಿವೆ. ಪತ್ರಿಕೋದ್ಯಮ ಕಲಿಸುವ ಯಾವ ಕಾಲೇಜಾದರೂ ಅವನ್ನು ಮೂಲೆಗೆ ಹಾಕದೆ ಮಕ್ಕಳ ಕೈಗೆ ಕೊಡುತ್ತೇವೆ ಅಂದರೆ ಕೊಟ್ಟುಬಿಡುತ್ತೇನೆ. ನಿಮ್ಮ ಕಚೇರಿಗೆ ತಿಳಿಸಿದರೆ ಸಾಕು. ಲಾರಿ ಬಾಡಿಗೆ ನನ್ನದು.

ಇತಿ,
ನಿವೃತ್ತ ಹಡಗು ರೇಡಿಯೋ ಅಧಿಕಾರಿ,
ಕುಂದಾಪುರ